ಅಕ್ಕನ ಉಸಿರು

ನವೆಂಬರ್ ೧೪, ಗುರುವಾರ

ಬೇಡದ ಉಸಾಬರಿ ಮಾಡಿಕೊಂಡೆ. ರೆಕಾರ್ಡ್ ಪ್ಲೇಯರಿಗೆಂದು ಅಪ್ಪ ಕೈಯಾರೆ ಕಟ್ಟಿದ್ದ ವಾಲ್ವ್ ಪ್ರೀಆಂಪ್, ಅಂದರೆ ದನಿ ಹಿಗ್ಗಿಸುವ ಪೆಟ್ಟಿಗೆ, ಸದಾ ಗೊರಗೊರ ಎನ್ನುತ್ತದೆಂದು ಅದರ ಹಳೆಯ ಕೆಪಾಸಿಟರುಗಳನ್ನೆಲ್ಲ ಕಿತ್ತು, ಒಳ್ಳೆಯ ಹೊಸವುಗಳನ್ನು ಬೆಸೆದೆ. ಗೊರಗೊರ ಪೂರಾ ನಿಂತಿತು. ಜಂಬದಿಂದ ಅಮ್ಮನನ್ನು ಕರೆದು ಕೂರಿಸಿ ಅಕ್ಕನ ರೆಕಾರ್ಡ್ ಹಾಕಿದೆ. ಅವಳು ಕಾಲೇಜಿನಲ್ಲಿದ್ದಾಗ ಹಾಡಿದ್ದು. ಎದೆಯ ಕಾಯಿಲೆಯಲ್ಲಿ ಅವಳು ತೀರಿಕೊಂಡ ಮೇಲೆ, ಅವಳ ದನಿ ಎಂದು ನಮಗೆ ಉಳಿದಿರುವುದು ಅದೊಂದೇ.

ಪಕ್ಕದಲ್ಲೇ ನಿಂತು ಹಾಡಿದ ಹಾಗಿತ್ತು. ಅದೇ ಎಡವಟ್ಟಾಯಿತು. ಸಾಲು ಮುಗಿದ ಕೂಡಲೇ ಅವಳು ಉಸಿರೆಳೆದುಕೊಳ್ಳುವುದು ಕೇಳಿಸಿತು, ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹೊಡೆದಂತೆ. ಇಷ್ಟು ವರ್ಷ ಅದು ಆ ಗೊರಗೊರದಡಿ ಅಡಗಿತ್ತು.

ಅಮ್ಮನ ಮುಖ ಸಣ್ಣದಾಯಿತು. "ಆಗ್ಲೇ ಇತ್ತೇನೋ ಇದು? ಮದುವೆ ಆದ್ಮೇಲೆ ಕಾಯಿಲೆ ಅಂಟಿಸಿದ್ರು ಅಂತ ಆ ಮನೆಯವರಿಗೆ ಹಿಡಿಶಾಪ ಹಾಕ್ಕೊಂಡೇ ಬಂದ್ನಲ್ಲೋ."

ನಾನು ಸೂಜಿ ಎತ್ತಿಟ್ಟೆ.

"ಮೊದ್ಲು ಹೇಗಿತ್ತೋ ಹಾಗೇ ಮಾಡಿಬಿಡಪ್ಪಾ. ಹಳೇದನ್ನೇ ಹಾಕು," ಎಂದಳು.

ಬೆಸುಗೆ ಕರಗಿಸುವಷ್ಟು ತಾಳ್ಮೆಯಿಲ್ಲದೆ, ಕೀಳುವಾಗ ಹಳೆಯ ಕೆಪಾಸಿಟರುಗಳ ತಂತಿಕಾಲುಗಳನ್ನು ಗಿಡ್ಡಗೆ ಕತ್ತರಿಸಿದ್ದೆ. ಕಸದ ಬುಟ್ಟಿಯಿಂದ ಹೆಕ್ಕಿ, ಆ ಮೋಟು ಕಾಲುಗಳಿಗೆ ತಂತಿ ಬೆಸೆದು ಹೇಗೋ ಕೂರಿಸಿದೆ. ಮತ್ತೆ ರೆಕಾರ್ಡ್ ಹಾಕಿದೆ. ಗೊರಗೊರ ಮರಳಿತು. ಉಸಿರು ಅದರಡಿ ಮುಳುಗಿಹೋಯಿತು.

ಆದರೆ ಅಮ್ಮ ಹಾಡು ಕೇಳುತ್ತಿರಲಿಲ್ಲ. ಪ್ರತಿ ಸಾಲು ಮುಗಿದಾಗಲೂ ತನ್ನ ಉಸಿರನ್ನು ಬಿಗಿಹಿಡಿದು ಕಾಯುತ್ತಿದ್ದಳು.