ಖಾಲಿ ಮನೆಯಲ್ಲೊಂದು ನಿದ್ದೆ

ಮನೆ, ಅಡುಗೆಕೋಣೆಯ ಮೇಜು
೧೪ನೇ ತಾರೀಖು, ಶನಿವಾರ ಸಂಜೆ

ಪ್ರೀತಿಯ ಅಪ್ಪಾ,

ಸೊಂಟದ ನೋವು ಹೇಗಿದೆ? ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿ, ಹಾಗೇ ಮೇಲೆ ಹೋಗಿ ಗಾಳಿಗೆ ಮೈಯೊಡ್ಡಬೇಡಿ ಎಂದು ಎಷ್ಟು ಹೇಳಿದರೂ ನೀವು ಕೇಳುವವರಲ್ಲ. ಮುಲಾಮು ಮುಗಿದಿದ್ದರೆ ಹಡಗಿನ ಡಾಕ್ಟರರನ್ನು ಕಾಡಿಸಿ ತೆಗೆದುಕೊಳ್ಳಿ, ಸಂಕೋಚ ಬೇಡ. ನಾನೂ ಅಮ್ಮನೂ ಆರಾಮ. ಕಳೆದ ಭಾನುವಾರ ಬಂದರಿನಿಂದ ಫೋನು ಮಾಡಿದಾಗ ನೀವು ಅವಸರದಲ್ಲಿ ಹೇಳಿದ್ದು ನನ್ನ ತಲೆಯಲ್ಲೇ ಕೂತಿದೆ. ಕಂಪನಿಯವರು ಇನ್ನೊಂದು ಪ್ರಯಾಣಕ್ಕೆ ಕೇಳುತ್ತಿದ್ದಾರೆ, ಒಪ್ಪಿಕೊಂಡರೆ ಮದುವೆಗೆ ಬರಲಾಗುವುದಿಲ್ಲ, ಮುಂದಿನ ಬಂದರಿನಲ್ಲಿ ಉತ್ತರ ಕೊಡಬೇಕು ಅಂದಿರಿ. "ಅಮ್ಮಂಗೆ ನೀನೇ ಮೆಲ್ಲಗೆ ಹೇಳು, ಬೇಜಾರು ಮಾಡ್ಕೋತಾಳೆ" ಅಂದಿರಿ. ಅಷ್ಟರಲ್ಲಿ ಲೈನು ಕಡಿದುಹೋಯಿತು. ಇನ್ನೂ ಹೇಳಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಈ ವಾರ ನಾನು ಪಟ್ಟ ಪಾಡು ಕೇಳಿ.

ಹಡಗಿನವನನ್ನು ಮಾತ್ರ ಕಟ್ಟಿಕೊಳ್ಳುವುದಿಲ್ಲ ಎಂದು ಚಿಕ್ಕಂದಿನಲ್ಲಿ ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದೆನಲ್ಲ, ನೆನಪಿದೆಯೇ? ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಈಗ ನೋಡಿ, ಕಟ್ಟಿಕೊಳ್ಳುತ್ತಿರುವವನು ಊರು ಬಿಟ್ಟು ಕದಲುವವನೇ ಅಲ್ಲ, ಆದರೆ ಬೇಕರಿಯವನು. ಊರೆಲ್ಲ ಮಲಗುವಾಗ ಅವನು ಹಿಟ್ಟು ನಾದಲು ಹೊರಡುತ್ತಾನೆ. ನಾನು ಕನ್ನಡಕದ ಅಂಗಡಿಗೆ ಹೋಗಿ ಗಾಜು ಉಜ್ಜಲು ಕೂರುವ ಹೊತ್ತಿಗೆ ಅವನು ಹೊದ್ದು ಮಲಗುತ್ತಾನೆ. ಹೀಗಿರುವಾಗ ಇಬ್ಬರೂ ಸೇರಿ ಮನೆ ನೋಡುವುದು ಹೇಗೆ? ಅವನು ಕೆಲಸ ಮುಗಿಸಿ ಬರುವಾಗ ಒಬ್ಬನೇ ನೋಡುತ್ತಾನೆ, ನಾನು ಸಂಜೆ ಅಮ್ಮನನ್ನು ಕರೆದುಕೊಂಡು ಹೋಗಿ ಅದೇ ಮನೆ ನೋಡುತ್ತೇನೆ. ನನಗೆ ಬೆಳಕು ಬೇಕು, ಅವನಿಗೆ ಕತ್ತಲೆ ಬೇಕು. ಇಬ್ಬರಿಗೂ ಹಿಡಿಸುವ ಮನೆ ಇನ್ನೂ ಯಾರೂ ಕಟ್ಟಿಲ್ಲವೇನೋ ಎಂದು ಬುಧವಾರದ ಹೊತ್ತಿಗೆ ನನಗೆ ಅಳುವೇ ಬಂದಿತ್ತು.

ಅದರ ಮೇಲೆ ಅವನದೊಂದು ವಿಚಿತ್ರ ಪರೀಕ್ಷೆ. ಬೇರೆಯವರು ನಲ್ಲಿ ತಿರುಗಿಸಿ ನೋಡುತ್ತಾರೆ, ಗೋಡೆ ತಟ್ಟಿ ನೋಡುತ್ತಾರೆ. ಇವನು ಒಳಕೋಣೆಗೆ ಹೋಗಿ ಬರಿ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿಬಿಡುತ್ತಾನೆ. ಹಗಲು ಸದ್ದು ಎಷ್ಟು ಕೇಳುತ್ತದೆ ಎಂದು ತಿಳಿಯಬೇಕಂತೆ. ಒಂದು ಮನೆಯ ಪಕ್ಕದಲ್ಲಿ ಬಡಗಿಯ ಅಂಗಡಿ, ಬೇಡ ಅಂದ. ಇನ್ನೊಂದರ ಮಹಡಿಯಲ್ಲಿ ಯಾರೋ ತಬಲ ಕಲಿಯುತ್ತಿದ್ದಾರೆ, ಅದೂ ಬೇಡ. ಒಂದು ಮನೆಯ ಯಜಮಾನಿ ಇವನು ಮಲಗಿದ್ದು ನೋಡಿ ತಲೆ ಸುತ್ತಿ ಬಿದ್ದನೆಂದು ಮುಖಕ್ಕೆ ನೀರು ಚಿಮುಕಿಸಿದಳಂತೆ. ಹೇಳಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಹೀಗೆ ಒಂದೊಂದನ್ನೇ ಬೇಡ ಬೇಡ ಅನ್ನುತ್ತಿರುವವನಿಗೆ ಬೇಡವಾಗಿರುವುದು ಮನೆಯೋ ನಾನೋ ಎಂಬ ಹುಳ ತಲೆಗೆ ಹೊಕ್ಕಿತು.

ಗುರುವಾರ ಮಧ್ಯಾಹ್ನ ಮದುವೆಯ ಹಾಲ್ ಗೊತ್ತುಮಾಡಲು ಎಲ್ಲರೂ ಸೇರಬೇಕಿತ್ತು. ನಾನು ಅರ್ಧ ದಿನ ರಜೆ ಹಾಕಿದ್ದೆ. ಅವನ ಅಮ್ಮ ಬಂದರು, ನಮ್ಮಮ್ಮ ಬಂದಳು, ಅವನ ಪತ್ತೆಯೇ ಇಲ್ಲ. ಫೋನು ಬಂದ್. ಮ್ಯಾನೇಜರು ಎರಡು ಸಲ ಚಹಾ ತರಿಸಿದ, ಮೂರನೆಯ ಸಲ ತರಿಸಲಿಲ್ಲ. "ಹುಡುಗನೇ ಇಲ್ದೆ ಹಾಲ್ ಯಾರಿಗಮ್ಮಾ?" ಅಂದ. ಅವನ ಅಮ್ಮ ಸೆರಗಿನ ತುದಿ ತಿರುಚುತ್ತ ಬಾಗಿಲಿಗೂ ಕುರ್ಚಿಗೂ ಓಡಾಡಿದರು. ನಾನು ಮತ್ತೆ ಮತ್ತೆ ಅವನ ನಂಬರು ಒತ್ತುತ್ತಿದ್ದೆ. ಒಲೆಯ ಬಳಿ ಏನಾದರೂ ಆಯಿತೇ, ರಸ್ತೆಯಲ್ಲಿ ಏನಾದರೂ ಆಯಿತೇ, ಇಲ್ಲ ಮನಸ್ಸೇ ಬದಲಾಯಿತೇ! ಇಷ್ಟೆಲ್ಲದರ ನಡುವೆ ಅಮ್ಮ ಒಬ್ಬಳು ನಿಶ್ಚಿಂತೆಯಾಗಿ ಕೂತು ವೇದಿಕೆಗೆ ಯಾವ ಬಣ್ಣದ ಪರದೆ ಎಂದು ನೋಡುತ್ತಿದ್ದಳು. "ಬರೋ ಹೊತ್ತಿಗೆ ಬರ್ತಾನೆ ಬಿಡೇ. ನೀನು ಹೀಗೆ ಕೂತು ಎದ್ದು ಮಾಡಿದ್ರೆ ಬೇಗ ಬಂದುಬಿಡ್ತಾನಾ?" ಅಂದಳು. ಧೈರ್ಯ ಹೇಳುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದರೆ ಹಾಗಲ್ಲ ಅಪ್ಪಾ, ಅವಳಿಗೆ ನಿಜವಾಗಿಯೂ ಏನೂ ಅನ್ನಿಸಿರಲಿಲ್ಲ.

ಅಂಚೆ ಕಚೇರಿಯ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರ ಮನೆ ಖಾಲಿಯಿದೆ, ಕೆಲಸ ಮುಗಿಸಿ ಬರುವಾಗ ನೋಡುತ್ತೇನೆ ಎಂದು ಅವನು ಹಿಂದಿನ ದಿನ ಹೇಳಿದ್ದು ಆಗ ನೆನಪಾಯಿತು. ಅಲ್ಲಿಗೆ ಓಡಿದೆ. ಬಾಗಿಲಿಗೆ ಬೀಗ. ಬೀಗದ ಕೆಳಗೆ, ಹೊಸ್ತಿಲ ಪಕ್ಕ, ಹಿಟ್ಟು ಮೆತ್ತಿದ ಅವನ ಚಪ್ಪಲಿ! ಎದುರು ಮನೆಯಲ್ಲಿದ್ದ ಮೇಷ್ಟ್ರನ್ನು ಕರೆದೆ. ಬೆಳಿಗ್ಗೆ ಮನೆ ತೋರಿಸುವಾಗ ಅವರು ಟ್ಯಾಂಕಿನ ನೀರು ನೋಡಲು ತಾರಸಿಗೆ ಹೋಗಿದ್ದರಂತೆ. ಇಳಿದು ಬಂದರೆ ಯಾರೂ ಕಾಣಲಿಲ್ಲ, ಹುಡುಗ ಹೊರಟುಹೋದ ಅಂದುಕೊಂಡು ಬೀಗ ಹಾಕಿದರಂತೆ. ಚಪ್ಪಲಿ ಹೇಗೆ ಕಾಣಲಿಲ್ಲ ಎಂದು ನಾನು ಕೇಳಲಿಲ್ಲ. ಅವರು ಬೀಗದ ಕೈ ತೂತಿಗೆ ಹಾಕಲು ತಡಕಾಡುವುದು ನೋಡಿದರೇ ಕನ್ನಡಕದ ನಂಬರು ಯಾವತ್ತೋ ಬದಲಾಗಬೇಕಿತ್ತು ಎಂದು ಗೊತ್ತಾಗುತ್ತಿತ್ತು.

ಒಳಗೆ ನಿಮ್ಮ ಅಳಿಯದೇವರು ಚೀಲ ತಲೆಗೆ ಕೊಟ್ಟುಕೊಂಡು, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಬೀಗ ಬಿದ್ದದ್ದೇ ಅವನಿಗೆ ಗೊತ್ತಿಲ್ಲ. ಎಬ್ಬಿಸಿದರೆ ಮಗುವಿನ ಹಾಗೆ ನಕ್ಕು "ಇದೇ ಮನೆ ಕಣೇ, ಎಂಥಾ ನಿದ್ದೆ ಬಂತು ಗೊತ್ತಾ" ಅಂದ. ಅಷ್ಟು ಹೊತ್ತು ತಡೆದುಕೊಂಡಿದ್ದೆಲ್ಲ ಹೊರಗೆ ಬಂತು. ಮೇಷ್ಟ್ರು ನಿಂತಿದ್ದಾರೆ ಎನ್ನುವುದನ್ನೂ ನೋಡದೆ ಬಾಯಿಗೆ ಬಂದದ್ದು ಬೈದೆ, ಅಳುತ್ತಾ ಬೈದೆ. ಅವನ ನಗು ಇಳಿದುಹೋಯಿತು. "ಇಷ್ಟೊಂದು ಹೆದರಿಕೊಂಡ್ಯಾ?" ಎಂದು ಕೇಳಿದ. ಆಮೇಲೆ ಮದುವೆ ಹಾಲ್‌ಗೆ ಹೋಗುವ ದಾರಿಯುದ್ದಕ್ಕೂ ಕೈ ಬಿಡಲಿಲ್ಲ, ನನ್ನ ತೋಳೆಲ್ಲ ಹಿಟ್ಟಾಯಿತು.

ಮೇಷ್ಟ್ರ ಮನೆಯನ್ನೇ ಗೊತ್ತುಮಾಡಿದ್ದೇವೆ. ಒಳಕೋಣೆ ಗುಹೆಯಂತೆ ಕತ್ತಲೆ, ಅಡುಗೆಕೋಣೆಗೆ ಸಂಜೆಯ ಬಿಸಿಲು ಬರುತ್ತದೆ. ನಾನು ಬರುವ ಹೊತ್ತಿಗೆ ಅವನು ಎದ್ದಿರಬೇಕು, ನನ್ನ ರಾತ್ರಿಯೂಟ ಅವನ ಬೆಳಗಿನ ತಿಂಡಿ, ಒಂದೇ ಮೇಜಿನಲ್ಲಿ ಎಂದು ಮಾತಾಗಿದೆ. ಆ ಸ್ವಲ್ಪ ಹೊತ್ತು ಒಂದು ಸಂಸಾರಕ್ಕೆ ಸಾಕಾಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಭಯ ಹೋಗಿಲ್ಲ ಅಪ್ಪಾ. ಆದರೂ ಅವನ ಮೇಲೆ ನನಗೆ ಅಷ್ಟು ಸಿಟ್ಟು ಬಂತಲ್ಲ, ಅದೊಂದು ಸಮಾಧಾನ.

ಅಮ್ಮ ಅಂಗಡಿಯಿಂದ ಬರುವ ಹೊತ್ತಾಯಿತು, ಮುಗಿಸುತ್ತೇನೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಿಮ್ಮ ಜೊತೆಯ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಅವನಿಗೆ ಒಂದು ಹಿಡಿ ಹೆಚ್ಚೇ ಬೇಕು.

ಇಂತಿ ನಿಮ್ಮ
ಗಲಾಟೆ ಮಗಳು

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಗುರುವಾರ ಹಾಲ್‌ನಲ್ಲಿ ಕಡೆಗೆ ಎಲ್ಲರೂ ಕೂತಾಗ ಮ್ಯಾನೇಜರು "ಹುಡುಗಿ ಕಡೆಯಿಂದ ಮುಂದೆ ನಿಲ್ಲೋರು ಯಾರು?" ಎಂದು ಕೇಳಿದ. ನಾನು ನಿಮ್ಮ ಹೆಸರು ಹೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅಮ್ಮ, ಪರದೆಯ ಬಟ್ಟೆಯಿಂದ ಕಣ್ಣು ಕೂಡ ಎತ್ತದೆ, "ಇವಳ ಚಿಕ್ಕಪ್ಪ" ಅಂದಳು. ನೀವು ಬರದೇ ಇರಬಹುದು ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ ಅಪ್ಪಾ. ಅಮ್ಮನಿಗೆ ಬೇಜಾರಾಗುತ್ತದೆ ಎಂದು ನೀವು ಹೆದರಬೇಡಿ. ಆಗುವುದಿಲ್ಲ, ನಿಮ್ಮ ದಾರಿ ಕಾಯುವುದನ್ನು ಅವಳು ಎಂದೋ ಬಿಟ್ಟಿದ್ದಾಳೆ. ಅದಕ್ಕೇ ಬನ್ನಿ.