ಮಾಗಡಿಯ ಹರಳು

ಮಾಗಡಿ, ಜನವರಿ ೨೦೦೬

ಅವ್ವಾ,

ಬಸ್ಸಿನಲ್ಲಿ ನುಜ್ಜುಗುಜ್ಜಾಗಿ ಇಲ್ಲಿಗೆ ತಲುಪಿ ವಾರವಾಯಿತು. ನಮ್ಮ ಬಣ್ಣದ ಕಂಪನಿಗೆ ರೂಟೈಲ್ ಎಂಬ ಟೈಟಾನಿಯಂ ಆಕ್ಸೈಡಿನ ಖನಿಜ ಬೇಕಂತೆ. ನೋಡಲು ಕೆಂಪಗಿದ್ದರೂ ಬಿಡದಿಯ ಹೊಸ ಕಾರ್ಖಾನೆಗಳಿಗೆ ಬಳಿಯುವ ಬಿಳಿ ಬಣ್ಣ ಆಗುವುದು ಅದರಿಂದಲೇ. ಕೇರಳದ ಕಡಲ ಮರಳಿನಲ್ಲಿ ಅದು ರಾಶಿ ಬಿದ್ದಿದೆ. ಆದ್ದರಿಂದಲೇ ನೋಡು, ಸಾಹೇಬರು ನನ್ನನ್ನು ಅಲ್ಲಿಗೆ ಬಿಟ್ಟು ಇಲ್ಲಿಯ ಸಾವನದುರ್ಗದ ಬಂಡೆಗೆ ಕಳಿಸಿದ್ದಾರೆ! ರೂಟೈಲ್ ಬೆಣಚುಕಲ್ಲಿನೊಳಗೆ ಹೊಂಬಣ್ಣದ ಕೂದಲಿನಂತೆ ಇರುತ್ತದೆ, ಇಲ್ಲವೇ ಎರಡು ಹರಳು ಕೂಡಿ ಮಡಿಸಿದ ಮೊಣಕಾಲಿನಂತೆ ಬಾಗಿರುತ್ತದೆ. ಒಂದನ್ನಾದರೂ ತಾರದಿದ್ದರೆ ಕೆಲಸ ಖಾಯಂ ಆಗುವುದಿಲ್ಲ ಎಂದಿದ್ದಾರೆ.

ಒಂದೂ ಸಿಗಲಿಲ್ಲ. ನಿನ್ನೆ, ನಾನು ಉಳಿದುಕೊಂಡಿರುವ ಮನೆಯ ಸಿದ್ದಮ್ಮನನ್ನು “ಇಲ್ಲಿ ಹರಳು ಸಿಗುತ್ತದಾ?” ಎಂದು ಕೇಳಿದೆ.

“ಹರಳಾ? ನಮ್ಮೊಲದ ಸುತ್ತಾ ಅದೇ ಐತೆ ಕಣವ್ವ, ಎಷ್ಟು ಬೇಕ್ ಯೋಳು” ಅಂದಳು.

ಟೆಲಿಫೋನ್ ಬೂತಿಗೆ ಓಡಿ, ಹರಳು ಹೇರಳವಾಗಿದೆ ಎಂದು ಸಾಹೇಬರಿಗೆ ತಿಳಿಸಿಬಿಟ್ಟೆ. ಸಂಜೆ ಆಕೆ ಮೊರದ ತುಂಬ ತಂದು ನನ್ನ ಮುಂದಿಟ್ಟದ್ದು ಔಡಲ ಬೀಜ! ನಮ್ಮ ಗದಗಿನ ಔಡಲಕ್ಕೆ ಈ ಸೀಮೆಯಲ್ಲಿ ಹರಳು ಎನ್ನುತ್ತಾರಂತೆ.

“ನನಗೆ ಬೇಕಿದ್ದದ್ದು ಮೊಣಕಾಲಿನ ಹರಳು” ಎಂದು ಗೋಳಾಡಿದೆ.

“ಮೊಣಕಾಲ್ಗಾ? ಒಸಿ ಮುಂಚೇನೇ ಯೋಳ್ಬಾರ್ದಾ? ಎಣ್ಣೆ ತೆಗ್ದು ಕೊಡ್ತೀನಿ, ತಿಕ್ಕೊ” ಅಂದಳು.

ಒಂದು ಸೀಸೆ ಹರಳೆಣ್ಣೆ ಪಾರ್ಸೆಲ್ ಮಾಡುತ್ತಿದ್ದೇನೆ. ಬೆಚ್ಚಗೆ ಮಾಡಿ ನಿನ್ನ ಮೊಣಕಾಲಿಗೆ ಹಚ್ಚಿಕೊ. ನಾನು ಆರಾಮಾಗಿದ್ದೇನೆ, ರೊಟ್ಟಿ ಮರೆತು ಮುದ್ದೆ ನುಂಗಲು ಕಲಿತಿದ್ದೇನೆ. ಕಾರ್ಡಿನಲ್ಲಿ ಜಾಗವಿಲ್ಲ. ಸಾಹೇಬರು ನಾಳೆ ಬೆಳಿಗ್ಗೆ ಬರುತ್ತಿದ್ದಾರೆ, ಹರಳು ತುಂಬಿಕೊಂಡು ಹೋಗಲು ಲಾರಿ ಸಮೇತ.

ನಿನ್ನ ಕಸ್ತೂರಿ