ಆರಿದ ಒಲೆಯ ಹಾಡು

ಅಫಜಲಪುರ, ೧೪ ಜುಲೈ, ಸೋಮವಾರ

ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು, ಕ್ಷಮೆಯಿರಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು.

ಊರೆಲ್ಲ ಬಯ್ಯುವ ಕೆಟ್ಟ ಗಂಡಸೊಬ್ಬ ಆರಿದ ಒಲೆಯ ಮುಂದೆ ಒಬ್ಬನೇ ಕೂತು ಉಣ್ಣುತ್ತಾನೆಂದು ಹಾಡು ಬರೆದಿದ್ದೆ. ಜೇವರ್ಗಿಯ ಗಾಯಕನೊಬ್ಬ ಹಾಡಿದ. ಈಗ ಯಾವ ಟ್ರ್ಯಾಕ್ಟರು ಹೋದರೂ ಅದೇ ಹಾಡು. ಬರೆದವಳು ನಾನೆಂದು ಅವನ ಹೊರತು ಯಾರಿಗೂ ಗೊತ್ತಿಲ್ಲ. ನಾಚಿಕೆಯಾಗಿ ಹೆಸರು ಬೇಡವೆಂದಿದ್ದೆ.

ಇವತ್ತು ಅಕ್ಕನ ಗಂಡ, ನಮ್ಮ ಮಾವ, ಮನೆ ಬಿಟ್ಟು ಬಂದಿದ್ದ ಅವಳನ್ನು ಕರೆದೊಯ್ಯಲು ಬಂದ. ಹಿರಿಯರ ಮುಂದೆ ತಪ್ಪಾಯಿತು ಅನ್ನಲಿಲ್ಲ. ಮೊಬೈಲಿನಲ್ಲಿ ನನ್ನ ಹಾಡು ಹಚ್ಚಿ ತಲೆ ತಗ್ಗಿಸಿದ.

"ನನ್ನ ಹಾಲತ್ತೂ ಇದೇ ಅದರಿ."

ಹಿರಿಯರಲ್ಲೊಬ್ಬರಾದ ಜಗದೇವಪ್ಪ ಕಾಕಾ ಕಣ್ಣೊರೆಸಿಕೊಂಡು ಅಕ್ಕನ ಕಡೆ ತಿರುಗಿದರು. "ಪಾಪ, ಒಬ್ಬಾವ ಉಣ್ಣಾಕತ್ತಾನ. ನಾಳಿಗೆ ಹೋಗವಾ ಮಹಾನಂದಾ."

ಅಕ್ಕ ಒಳಗೆ ಬಂದು ಸೀರೆ ಮಡಚತೊಡಗಿದಳು. "ಆ ಹಾಡ ಬರದಾವ ನನ್ನ ಮನ್ಯಾಗ ಒಂದ ದಿನಾ ಇರಬೇಕಿತ್ತ ಬೇ" ಎಂದಳು.

ಅವಳು ಮಡಚಿಟ್ಟ ಸೀರೆಗಳನ್ನು ನಾನು ಚೀಲಕ್ಕೆ ಹಾಕಿದೆ. ಅಂಥವನ ಒಂಟಿತನಕ್ಕೆ ಮೂರು ನುಡಿ ಬರೆದವಳು, ಅವನು ಯಾಕೆ ಒಂಟಿಯಾದ ಎಂಬುದಕ್ಕೆ ಒಂದು ಸಾಲೂ ಬರೆಯಲಿಲ್ಲ.

ಬೆಳಿಗ್ಗೆಯಷ್ಟೇ, ಮಾವ ಜಗ್ಗಿ ಹರಿದಿದ್ದ ಅಕ್ಕನ ಕುಬಸದ ತೋಳು ಹೊಲಿದುಕೊಟ್ಟಿದ್ದೆ.